ಗಡಿ ದಾಟಿದ ಟ್ರ್ಯಾಕ್ಟರು

ದಾಮರಗಿದ್ದದ ರೈತನಿಗೆ ಗುರುಮಠಕಲ್ಲು ನೆರೆಯ ಊರು. ಕಾನೂನಿಗೆ ಅದು ಪರರಾಜ್ಯ. ಮಾತು, ಬೀಗತನ, ತೊಗರಿಯ ಹೊಲ ಎರಡೂ ಕಡೆ ಒಂದೇ. ಅಲ್ಲಿಂದ ಹಳೆಯ ಎಚ್‌ಎಂಟಿ ಟ್ರ್ಯಾಕ್ಟರು ತರುವವರು ಮೊದಲು ಬಿಡಿಭಾಗಗಳ ಲಭ್ಯತೆಯನ್ನು ವಿಚಾರಿಸಬೇಕು: 1971ರಲ್ಲಿ ಪಿಂಜೋರಿನಲ್ಲಿ ಆರಂಭವಾದ ಆ ಟ್ರ್ಯಾಕ್ಟರು ಘಟಕವನ್ನು ಮುಚ್ಚಲು ಸರ್ಕಾರ 2016ರಲ್ಲಿ ನಿರ್ಧರಿಸಿತು.

ಪಿಸ್ಟನ್ನು, ರಿಂಗು, ಕ್ಲಚ್ಚು ಹೊಸದಾದರೆ ಅರ್ಧ ದುರಸ್ತಿ ಮುಗಿದಂತೆ. ಉಳಿದರ್ಧ ಕಾಗದದ್ದು. ಮಾರಿದವರ ಆರ್‌ಟಿಒ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಪಡೆದು, ನಮ್ಮ ಜಿಲ್ಲೆಯಲ್ಲಿ ಹೆಸರು ಬದಲಾಯಿಸಿಕೊಳ್ಳಬೇಕು. ಅಪಘಾತವಾದರೆ ಪರಿಹಾರದ ಹೊಣೆ ನೋಂದಣಿಯಲ್ಲಿ ಹೆಸರಿರುವ ಮಾಲೀಕನದೇ ಎಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತೀರ್ಪಿತ್ತಿದೆ.

ಮಾರಿದಾತ ಅನೇಕ ವೇಳೆ ನಮ್ಮ ಬೀಗನೋ ಸೋದರಮಾವನೋ ಆಗಿರುತ್ತಾನೆ. ನಮ್ಮ ಹೊಲದ ಅಪಘಾತಕ್ಕೆ ಅವನು ಕಟಕಟೆ ಏರುವಂತಾಗಬಾರದು.