ಮೂರು ರೂಪದ ಒಂದು ಆಟಿಕೆ

ಮಕ್ಕಳ ಆಟಿಕೆಗಳ ವಿಷಯವಾಗಿ ದೊಡ್ಡವರು ಬರೆಯುವುದು ವಿರಳ. ಕೊಂಡುಕೊಡುವುದು, ಮುರಿದಾಗ ಗದರಿಸುವುದು, ಮಕ್ಕಳು ಬೆಳೆದ ಮೇಲೆ ಅಟ್ಟಕ್ಕೆ ಏರಿಸುವುದು, ಇಷ್ಟಕ್ಕೆ ಅವುಗಳೊಡನೆ ನಮ್ಮ ವ್ಯವಹಾರವು ಮುಗಿದುಹೋಗುತ್ತದೆ. ಆದರೂ ಒಂದು ಜನವು ತನ್ನ ಮಕ್ಕಳ ಕೈಗೆ ಏನನ್ನು ಕೊಡುತ್ತದೆಂಬುದನ್ನು ನೋಡಿ ಆ ಜನದ ಆಸೆಯನ್ನೂ ಭಯವನ್ನೂ ತಕ್ಕಮಟ್ಟಿಗೆ ಅರಿಯಬಹುದೆಂದು ನಮಗೆ ತೋರುತ್ತದೆ. ಈ ಯೋಚನೆಗೆ ಕಾರಣವಾದುದು ಒಂದು ಗೇಣಿಗೂ ಕಡಿಮೆ ಉದ್ದದ ಪ್ಲಾಸ್ಟಿಕ್ ವಿಮಾನ. ಅದನ್ನು ಕುರಿತು ನಮ್ಮ ಶಾಲೆಯಲ್ಲಿ ಎದ್ದ ಪ್ರಶ್ನೆಯನ್ನು ಪೂರ್ವವಿದ್ಯಾರ್ಥಿನಿಯರ ಮತ್ತು ತಾಯ್ತಂದೆಗಳ ಮುಂದೆ ಇಡುವುದಕ್ಕೆ ಈ ಸ್ಮರಣ ಸಂಚಿಕೆಗಿಂತ ತಕ್ಕ ಸ್ಥಳವು ಬೇರೊಂದಿಲ್ಲ.

ನಮ್ಮಲ್ಲಿಯೇ ಓದಿ ಈಗ ಜಪಾನಿನಲ್ಲಿ ಉದ್ಯೋಗದಲ್ಲಿರುವ ಒಬ್ಬಳು ಶಾಲೆಯ ಪುಸ್ತಕಭಂಡಾರಕ್ಕೆ ಕೆಲವು ಪುಸ್ತಕಗಳನ್ನು ಕಳುಹಿಸುವಾಗ ಅವುಗಳ ಸಂಗಡ ಒಂದು ಚಿಕ್ಕ ಪೆಟ್ಟಿಗೆಯನ್ನೂ ಇಟ್ಟಿದ್ದಳು. ಹುಡುಗಿಯರು ಇದನ್ನು ಬಿಡಿಸಿ ಮಡಿಸಿ ನೋಡಲಿ ಎಂಬುದೊಂದೇ ಅವಳ ಕೋರಿಕೆ. ಪೆಟ್ಟಿಗೆಯನ್ನು ತೆರೆದಾಗ ಒಳಗಿದ್ದುದು ಕಾಳಗದ ವಿಮಾನ. ಮಡಿಸಿದರೆ ಅದು ತುಪಾಕಿ ಹಿಡಿದ ಯಂತ್ರಮಾನವನಾಗುತ್ತದೆಂದು ಪೆಟ್ಟಿಗೆಯ ಮೇಲಿನ ಚಿತ್ರವು ಹೇಳುತ್ತಿತ್ತು. ನಮ್ಮ ಹಿರಿಯ ಉಪಾಧ್ಯಾಯಿನಿಯರಲ್ಲೊಬ್ಬರು ಅದನ್ನು ದೂರದಿಂದಲೇ ನೋಡಿ, "ಸಮಾಧಾನದ ಸುವಾರ್ತೆಯನ್ನು ಕಲಿಸುವ ಮನೆಯಲ್ಲಿ ಇದಕ್ಕೆ ಏನು ಕೆಲಸ?" ಎಂದು ಕೇಳಿದರು. ಕೇಳತಕ್ಕ ಪ್ರಶ್ನೆಯೇ. ಮುಖ್ಯೋಪಾಧ್ಯಾಯಿನಿಯವರು ಆಟಿಕೆಯನ್ನು ವಿಜ್ಞಾನದ ಪಾಠ ಹೇಳುವ ನಮ್ಮ ಕೈಯಲ್ಲಿಟ್ಟು, ಒಂದು ವಾರ ಪರೀಕ್ಷಿಸಿ ಅಭಿಪ್ರಾಯವನ್ನು ತಿಳಿಸುವಂತೆ ಅಪ್ಪಣೆಮಾಡಿದರು.

ಮೊದಲ ನೋಟದಲ್ಲಿ ನಮಗೆ ಕಂಡದ್ದನ್ನು ಕಂಡಂತೆಯೇ ಹೇಳುವೆವು. ವಸ್ತುವು ಹಗುರವಾಗಿತ್ತು; ಉದ್ದ 14 ಸೆಂಟಿಮೀಟರು. ಇದರ ಮೂಲವಾದ ವಿಮಾನವು ಲೋಕದಲ್ಲಿ ಎಲ್ಲಿಯೂ ಇಲ್ಲ, ಒಂದು ಕಥೆಯಲ್ಲಿ ಮಾತ್ರವೇ ಉಂಟು. ಆ ಕಥೆಯಲ್ಲಿ ಅದರ ಉದ್ದ 14 ಮೀಟರಿಗೆ ತುಸು ಹೆಚ್ಚು. ಆದಕಾರಣ ನಮ್ಮ ಕೈಯಲ್ಲಿದ್ದುದು ಅದರ ನೂರರಲ್ಲೊಂದು ಪಾಲು. ರೆಕ್ಕೆಗಳ ಮೇಲಿನ ಗೆರೆಗಳು ಕೂದಲಿನಷ್ಟು ಸಣ್ಣಗಿದ್ದರೂ ವಕ್ರವಾಗಿರಲಿಲ್ಲ. ಒಂದು ರೆಕ್ಕೆಯನ್ನು ಹಿಂದಕ್ಕೆ ಸರಿಸಿದೆವು. ಇನ್ನೊಂದು ರೆಕ್ಕೆಯೂ ಅದರ ಸಂಗಡ ತಾನಾಗಿ ಸರಿಯಿತು. ಒಳಗೆ ಎಲ್ಲಿಯೋ ಹಲ್ಲುಚಕ್ರಗಳು ಒಂದಕ್ಕೊಂದು ಕಚ್ಚಿಕೊಂಡಿದ್ದಿರಬೇಕು. ಇಷ್ಟು ಚಿಕ್ಕ ಒಡಲಿನಲ್ಲಿ ಇಂತಹ ಏರ್ಪಾಡನ್ನು ಅಡಗಿಸಿದವರ ತಾಳ್ಮೆಯನ್ನು ಮೆಚ್ಚದೆ ಇರಲಾರದಾದೆವು.

ಚಲಿಸುವ ಈ ರೆಕ್ಕೆಗಳು ಬರಿಯ ಅಲಂಕಾರವಲ್ಲ. ಕಥೆಯ ವಿಮಾನಕ್ಕೆ ಮಾದರಿಯಾದುದು ಅಮೆರಿಕದ ನೌಕಾಸೇನೆಯ ಎಫ್-14 ಟಾಮ್‌ಕ್ಯಾಟ್ ಎಂಬ ನಿಜವಾದ ವಿಮಾನ. ಅದು ಮೊದಲು ಹಾರಿದ್ದು 1970ನೆಯ ಡಿಸೆಂಬರಿನಲ್ಲಿ. ಆ ಸೇನೆಯಿಂದ ನಿವೃತ್ತಿಯಾದದ್ದು 2006ರಲ್ಲಿ. ಹಡಗಿನ ಮೇಲಣ ಕಿರಿದಾದ ಹಾಸಿನಿಂದ ಏರಿ ಅದರ ಮೇಲೆಯೇ ಇಳಿಯಬೇಕಾದ ವಿಮಾನವು ನಿಧಾನವಾಗಿ ಹಾರಲು ಶಕ್ತವಾಗಿರಬೇಕು. ಅದಕ್ಕೆ ಅಗಲವಾಗಿ ಚಾಚಿದ ರೆಕ್ಕೆಗಳು ಬೇಕು. ಅದೇ ವಿಮಾನವು ಶಬ್ದದ ವೇಗವನ್ನು ಮೀರಿ ಓಡಬೇಕಾದರೆ ರೆಕ್ಕೆಗಳು ಹಿಂದಕ್ಕೆ ಬಾಗಿರಬೇಕು. ಈ ಎರಡು ಅಗತ್ಯಗಳನ್ನೂ ಪೂರೈಸುವುದಕ್ಕಾಗಿ ಎಫ್-14ರ ರೆಕ್ಕೆಗಳು ಹಾರಾಟದಲ್ಲಿಯೇ 20 ಅಂಶಗಳಿಂದ 68 ಅಂಶಗಳವರೆಗೆ ಹಿಂಬಾಗುತ್ತಿದ್ದವು. ಹೀಗೆ, ಕೆಲಸಕ್ಕೆ ತಕ್ಕಂತೆ ಮೈಯನ್ನು ಮಾರ್ಪಡಿಸಿಕೊಳ್ಳುವ ಗುಣವು ಮಾದರಿಯಲ್ಲಿಯೇ ಇದ್ದಿತು. ಜಪಾನಿನ ಕಲಾವಿದರು ಅದನ್ನು ಇನ್ನೂ ಹಲವು ಹೆಜ್ಜೆ ಮುಂದಕ್ಕೆ ಒಯ್ದರು.

ರೂಪವನ್ನು ಬದಲಿಸುವ ಕ್ರಮವನ್ನು ತಿಳಿಸುವ ಹಾಳೆಯು ಜಪಾನೀ ಭಾಷೆಯಲ್ಲಿತ್ತು. ನಾವು ಚಿತ್ರಗಳನ್ನು ಒಂದೊಂದಾಗಿ ನೋಡುತ್ತಿರುವಷ್ಟರಲ್ಲಿ, ಹತ್ತಿರ ನಿಂತಿದ್ದ ಎಂಟನೆಯ ತರಗತಿಯ ಹುಡುಗಿಯೊಬ್ಬಳು, "ಟೀಚರ್, ಕಾಲು ಆಗಬೇಕಾದರೆ ದಪ್ಪಗಿರುವುದೇ ಆಗಬೇಕಲ್ಲವೇ?" ಎಂದು ಹೇಳಿ, ವಿಮಾನದ ಹೊಟ್ಟೆಯ ಕೆಳಗಣ ಎರಡು ಇಂಜಿನುಗಳನ್ನು ತೋರಿಸಿದಳು. ಅವಳು ಹೇಳಿದ್ದು ಸರಿಯಾಗಿತ್ತು. ಇಂಜಿನುಗಳನ್ನು ಕೆಳಕ್ಕೆ ಇಳಿಸಿ ಮುಂದಕ್ಕೆ ತಂದಾಗ ಅವೇ ಕಾಲುಗಳಾದವು. ಬೆಂಕಿಯನ್ನು ಉಗುಳುವ ಹಿಂಬಾಯಿಯು ಎರಡಾಗಿ ತೆರೆದುಕೊಂಡು ಬೆರಳೂ ಹಿಮ್ಮಡಿಯೂ ಆಯಿತು. ಎರಡು ಇಂಜಿನುಗಳ ನಡುವೆ ಅಡಗಿದ್ದ ತೋಳುಗಳು ಹೊರಗೆ ಬಂದವು. ಈ ಹಂತದಲ್ಲಿ ಅದು ಮೇಲೆ ವಿಮಾನ, ಕೆಳಗೆ ಕಾಲುಳ್ಳ ಪ್ರಾಣಿ. ಮೊಣಕಾಲುಗಳು ಕೊಕ್ಕರೆಯ ಕಾಲಿನಂತೆ ಹಿಂದಕ್ಕೆ ಬಾಗಿರುತ್ತವೆ. ಈ ನಡುವಣ ರೂಪಕ್ಕೆ ಗರ್ವಾಕ್ ಎಂದು ಹೆಸರು. ಆ ಮೇಲೆ ಒಡಲನ್ನು ನಡುವಿನಲ್ಲಿ ಮಡಿಸಿ, ಬೆನ್ನನ್ನು ಮೇಲಕ್ಕೆತ್ತಿ, ರೆಕ್ಕೆಗಳನ್ನು ಹಿಂದಕ್ಕೆ ಸೇರಿಸಿ, ವಿಮಾನಿಯ ಪೀಠಕ್ಕೆ ಒಂದು ಮುಚ್ಚಳವನ್ನು ಎಳೆದರೆ, ಹೊಟ್ಟೆಯ ಕೆಳಗಿದ್ದ ತಲೆಯು ಭುಜಗಳ ನಡುವೆ ನಿಲ್ಲುತ್ತದೆ. ಇದು ಮೂರನೆಯ ರೂಪ. ಬ್ಯಾಟ್ರಾಯ್ಡ್ ಎಂಬುದು ಅದರ ಹೆಸರು.

ಕುಂದುಗಳೂ ಕೆಲವು ಇದ್ದವು. ಕತ್ತಿನ ಕೀಲು ಬಹಳ ಬಿಗಿ. ಯಂತ್ರಮಾನವನಾಗಿ ನಿಂತಾಗ ಬೆನ್ನನ್ನು ಹಿಡಿದಿಡುವ ಮೊಳೆಯು ಸಾಸಿವೆಕಾಳಿನಷ್ಟು ಚಿಕ್ಕದಾದುದರಿಂದ ಪದೇ ಪದೇ ಜಾರುತ್ತಿತ್ತು. ಕೆಳಗಣ ಚಕ್ರಗಳನ್ನು ಉಗುರಿನ ತುದಿಯಿಂದಲೇ ಹೊರತೆಗೆಯಬೇಕು. ಐದು ವರ್ಷದ ಮಗುವಿನ ಕೈಗೆ ಇದು ತಕ್ಕದ್ದಲ್ಲ. ಆದರೆ ತುಪಾಕಿಯೊಂದನ್ನು ಬಿಟ್ಟರೆ ಯಾವ ಭಾಗವನ್ನೂ ಕಳಚಿ ಪಕ್ಕಕ್ಕೆ ಇಡಬೇಕಾಗಲಿಲ್ಲ. ವಿಮಾನದಲ್ಲಿ ಇದ್ದುದೆಲ್ಲವೂ ಮನುಷ್ಯನಲ್ಲಿ ಇತ್ತು. ಜಪಾನಿನವರು ಇಂತಹ ಗುಣಕ್ಕೆ "ಸಂಪೂರ್ಣ ರೂಪಾಂತರ" ಎಂಬ ಅರ್ಥದ ಮಾತನ್ನು ಬಳಸುತ್ತಾರೆ.

ಈ ವಿಮಾನವನ್ನು ಕಲ್ಪಿಸಿದವರಲ್ಲಿ ಪ್ರಮುಖರು ಕವಾಮೋರಿ ಶೋಜಿ ಎಂಬವರು. 1960ರಲ್ಲಿ ಹುಟ್ಟಿದ ಇವರು ಇಪ್ಪತ್ತೆರಡು ವರ್ಷದ ತರುಣರಾಗಿದ್ದಾಗಲೇ, ಅಂದರೆ 1982ನೆಯ ಅಕ್ಟೋಬರಿನಲ್ಲಿ, ಮ್ಯಾಕ್ರಾಸ್ ಎಂಬ ಚಿತ್ರಕಥಾಮಾಲೆಯು ಜಪಾನಿನ ಟೆಲಿವಿಷನ್ನಿನಲ್ಲಿ ಆರಂಭವಾಯಿತು. 1983ರ ಜೂನಿನವರೆಗೆ 36 ಕಂತುಗಳಲ್ಲಿ ನಡೆಯಿತು. ಕಥೆಯ ಈ ವಿಮಾನಕ್ಕೆ ವಾಲ್ಕಿರಿ ಎಂದು ಹೆಸರು. ತಕತೋಕು ಎಂಬ ಸಂಸ್ಥೆಯು ಅದರ ಐವತ್ತೈದರಲ್ಲೊಂದು ಪಾಲಿನ ಆಟಿಕೆಯನ್ನು ಮಾಡಿ ಮಾರಿತು. ಆ ಸಂಸ್ಥೆಯು 1984ರಲ್ಲಿ ಮುಚ್ಚಿಹೋದರೂ ಆಟಿಕೆಯು ಉಳಿದುಕೊಂಡಿತು. ಮರುವರ್ಷ ಅಮೆರಿಕದಲ್ಲಿ ಟ್ರಾನ್ಸ್‌ಫಾರ್ಮರ್ಸ್ ಎಂಬ ಆಟಿಕೆಗಳ ಸಾಲಿನಲ್ಲಿ ಜೆಟ್‌ಫೈರ್ ಎಂಬ ಹೆಸರನ್ನು ಹೊತ್ತು ಮಾರಾಟವಾಯಿತು. ಕವಾಮೋರಿಯವರು ಹೊಸ ರೂಪಾಂತರಗಳನ್ನು ಯೋಚಿಸುವಾಗ ಮಕ್ಕಳ ಲೆಗೋ ಇಟ್ಟಿಗೆಗಳನ್ನು ಜೋಡಿಸಿ, ಕೀಲುಗಳು ನಿಜವಾಗಿಯೂ ಮಡಿಯುತ್ತವೆಯೇ ಎಂದು ಪರೀಕ್ಷಿಸುವುದುಂಟು. ಕಾಗದದ ಮೇಲೆ ಬರೆದದ್ದು ಕೈಯಲ್ಲಿಯೂ ಆಗಬೇಕೆಂಬ ಈ ಹಟವನ್ನು ನಮ್ಮ ವಿದ್ಯಾರ್ಥಿನಿಯರು ಕಲಿತರೆ ನಮಗೆ ಸಂತೋಷವೇ.

ಇಷ್ಟರಿಂದ ಹಿರಿಯರ ಪ್ರಶ್ನೆಗೆ ಉತ್ತರವು ಸಿಕ್ಕಿದಂತಾಗಲಿಲ್ಲ. ಜಾಣತನದಿಂದ ಮಾಡಿದ ಆಯುಧವೂ ಆಯುಧವೇ. ಆದಕಾರಣ ನಾವು ಆ ಕಥೆಯನ್ನು ವಿಚಾರಿಸಿದೆವು. ಆಕಾಶದಿಂದ ಜೆಂಟ್ರಾಡಿ ಎಂಬ ದೈತ್ಯರು ಭೂಮಿಯ ಮೇಲೆ ದಂಡೆತ್ತಿ ಬರುತ್ತಾರೆ. ಅವರ ಎತ್ತರವು ಮನುಷ್ಯರಿಗಿಂತ ಸುಮಾರು ಐದು ಪಾಲು ಹೆಚ್ಚು. ವಿಮಾನವು ಹನ್ನೆರಡು ಮೀಟರಿಗೂ ಮಿಗಿಲಾದ ಎತ್ತರದ ಯಂತ್ರಮಾನವನಾಗುವುದು ಅಂತಹವರೊಡನೆ ನೆಲದ ಮೇಲೆ ಹೋರಾಡುವುದಕ್ಕಾಗಿಯೇ. ಈ ದೈತ್ಯರಿಗೆ ಕಾಳಗವಲ್ಲದೆ ಬೇರೊಂದು ತಿಳಿಯದು. ಅವರಲ್ಲಿ ಗಂಡಸರೂ ಹೆಂಗಸರೂ ಬೇರೆ ಬೇರೆ ದಂಡುಗಳಲ್ಲಿ ಬಾಳುತ್ತಾರೆ. ಮನೆಯಿಲ್ಲ, ಮಕ್ಕಳಿಲ್ಲ, ಹಾಡೆಂಬುದನ್ನು ಕಿವಿಯಿಂದ ಕೇಳಿದವರಿಲ್ಲ. ಮನುಷ್ಯರ ಹಡಗಿನಲ್ಲಿ ಲಿನ್ ಮಿನ್ಮೇ ಎಂಬ ಹುಡುಗಿಯೊಬ್ಬಳು ಹಾಡುತ್ತಾಳೆ. ಮೈಯನ್ನು ಕಿರಿದುಮಾಡಿಕೊಂಡು ಗೂಢಚಾರರಾಗಿ ಬಂದ ಮೂವರು ದೈತ್ಯರು ಆ ಹಾಡಿಗೆ ಮನಸೋತು, ಹಿಂದಿರುಗುವಾಗ ಹಾಡುವ ಮಿನ್ಮೇ ಬೊಂಬೆಯೊಂದನ್ನು ಒಯ್ಯುತ್ತಾರೆ. ಆ ಬೊಂಬೆಯ ದನಿಯನ್ನು ಕೇಳಿದ ದೈತ್ಯ ಸೈನಿಕರಿಗೆ ತಮ್ಮ ಬಾಳಿನಲ್ಲಿ ಏನೋ ಕೊರತೆಯಿದೆಯೆಂದು ಮೊದಲಬಾರಿಗೆ ತೋರುತ್ತದೆ. ದೈತ್ಯರ ಪಕ್ಷದ ಮಿರಿಯಾ ಎಂಬ ವೀರ ವಿಮಾನಿಯು ಮನುಷ್ಯರ ಪಕ್ಷದ ವಿಮಾನಿಯನ್ನು ಕೊಲ್ಲಲು ಬಂದು ಕೊನೆಗೆ ಅವನನ್ನೇ ಮದುವೆಯಾಗುತ್ತಾಳೆ. ಇದನ್ನು ಓದಿದಾಗ ನಮಗೆ ಆಶ್ಚರ್ಯವಾಯಿತು. ಕಾಳಗದ ಆಟಿಕೆಯೊಂದರ ಕಥೆಯೊಳಗೆ ಇನ್ನೊಂದು ಆಟಿಕೆಯು, ಅದೂ ಹಾಡುವ ಬೊಂಬೆಯು, ಯಾವ ಗುಂಡೂ ಮಾಡಲಾರದ ಕೆಲಸವನ್ನು ಮಾಡಿತ್ತು.

ಸತ್ಯವೇದವನ್ನು ಬಲ್ಲ ನಮ್ಮ ವಾಚಕರಿಗೆ ಇಲ್ಲಿ ದಾವೀದನ ನೆನಪಾಗದೆ ಇರದು. ಅವನು ಕಿನ್ನರಿಯನ್ನು ನುಡಿಸಿದಾಗ ಅರಸನಾದ ಸೌಲನ ಕಳವಳವು ಶಾಂತವಾಗುತ್ತಿತ್ತು. ಆದರೆ ಅದೇ ಸೌಲನು ಮತ್ತೊಂದು ದಿನ, ದಾವೀದನು ನುಡಿಸುತ್ತಿರುವಾಗಲೇ, ಅವನ ಮೇಲೆ ಈಟಿಯನ್ನು ಎಸೆದನೆಂಬುದನ್ನೂ ನಾವು ಮರೆಯಲಾಗದು. ಮ್ಯಾಕ್ರಾಸ್ ಕಥೆಯೂ ಈ ಕಹಿಯನ್ನು ಮರೆಮಾಚುವುದಿಲ್ಲ. ಅದರ ಮಹಾಯುದ್ಧದಲ್ಲಿ ಭೂಮಿಯ ಬಹುಪಾಲು ಸುಟ್ಟುಹೋಗುತ್ತದೆ. ಮಿನ್ಮೇಯ ಹಾಡು ಕೇಳುತ್ತಿರುವಾಗಲೇ ಫಿರಂಗಿಗಳೂ ಹಾರುತ್ತಿರುತ್ತವೆ. ಹಾಡನ್ನೇ ಆಯುಧದಂತೆ ಬಳಸಿದರೆಂದು ಯಾರಾದರೂ ಆಕ್ಷೇಪಿಸಿದರೆ ಅಲ್ಲವೆನ್ನಲು ಬಾರದು. 1945ನೆಯ ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಬಿದ್ದ ಪರಮಾಣು ಬಾಂಬಿನಿಂದ ಅಲ್ಲಿನ ಉರಾಕಾಮಿ ದೇವಾಲಯವೂ ಅದರ ಸಭೆಯ ಸಹಸ್ರಾರು ಕ್ರೈಸ್ತರೂ ನಾಶವಾದರು. ಇಂತಹುದನ್ನು ಕಂಡ ದೇಶದಲ್ಲಿ ಹುಟ್ಟಿದ ಕಥೆಯು ಯುದ್ಧವನ್ನು ಬರಿಯ ವಿನೋದವೆಂದು ತೋರಿಸದೆ ಇದ್ದುದು ಸಹಜವೆಂದು ನಮಗೆ ಅನಿಸುತ್ತದೆ.

ವಾರವು ಮುಗಿದ ಬಳಿಕ ನಾವು ಉಪಾಧ್ಯಾಯಿನಿಯರ ಕೂಟದಲ್ಲಿ ನಮ್ಮ ಅಭಿಪ್ರಾಯವನ್ನು ತಿಳಿಸಿದೆವು. ಕಾಳಗದ ವಿಮಾನಗಳು ನಮ್ಮ ಹೆಣ್ಣುಮಕ್ಕಳಿಗೆ ಕಾಣದ ವಸ್ತುಗಳಲ್ಲ. 2016ರ ಜೂನಿನಲ್ಲಿ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಎಂಬ ಮೂವರು ಯುವತಿಯರು ಭಾರತದ ವಾಯುಸೇನೆಯ ಯುದ್ಧವಿಮಾನ ವಿಭಾಗಕ್ಕೆ ಮೊದಲ ಸ್ತ್ರೀಯರಾಗಿ ಸೇರಿ, ನಮ್ಮ ಬೀದರಿನ ನೆಲೆಯಲ್ಲಿಯೇ ಹಾಕ್ ಎಂಬ ಜೆಟ್ ವಿಮಾನಗಳಲ್ಲಿ ಶಿಕ್ಷಣವನ್ನು ಪಡೆದರು. ನಾಳೆ ನಮ್ಮ ಹುಡುಗಿಯರಲ್ಲೊಬ್ಬಳು ಅಂತಹ ಯಂತ್ರವನ್ನು ಹಾರಿಸಬಹುದು, ಕಟ್ಟಬಹುದು, ಅಥವಾ ಅದು ಬೇಡವೆಂದು ಸಭೆಯಲ್ಲಿ ನಿಂತು ವಾದಿಸಬಹುದು. ಯಾವುದನ್ನು ಮಾಡುವುದಕ್ಕಾದರೂ ಆ ಯಂತ್ರವು ಏನೆಂದು ಅರಿತಿರಬೇಕು. ಮುಚ್ಚಿಟ್ಟ ಪೆಟ್ಟಿಗೆಯಿಂದ ಈ ಅರಿವು ಬಾರದು. ಪ್ರವಾದಿಯಾದ ಯೆಶಾಯನು ಯುದ್ಧದ ಕಬ್ಬಿಣವು ಉಳುಮೆಯ ಕಬ್ಬಿಣವಾಗುವ ದಿನವನ್ನು ಕಂಡನಷ್ಟೆ. ಆ ದಿನಕ್ಕೂ ಕಬ್ಬಿಣದ ಕೆಲಸವನ್ನು ಬಲ್ಲ ಕೈಗಳು ಬೇಕಾಗುವುವು.

ಹಿರಿಯ ಉಪಾಧ್ಯಾಯಿನಿಯವರು ಪೂರ್ತಿಯಾಗಿ ಒಪ್ಪಲಿಲ್ಲ. "ಮಕ್ಕಳಿಗೆ ಹಾಡು ಮರೆತುಹೋಗಿ ತುಪಾಕಿ ಮಾತ್ರ ನೆನಪಿರುತ್ತದೆ" ಎಂದರು. ಅವರ ಅನುಭವವು ನಮ್ಮದಕ್ಕಿಂತ ದೀರ್ಘವಾದುದು. ಆ ಮಾತನ್ನು ನಾವು ಹಗುರವಾಗಿ ಎಣಿಸಲಿಲ್ಲ. ಕೊನೆಗೆ ಎಲ್ಲರೂ ಸೇರಿ ಒಂದು ನಿಯಮವನ್ನು ಮಾಡಿದೆವು. ಆಟಿಕೆಯು ವಿಜ್ಞಾನದ ಕೊಠಡಿಯ ಕಪಾಟಿನಲ್ಲಿ ರಾಟೆ ಸನ್ನೆಗಳ ಪಕ್ಕದಲ್ಲಿ ಇರತಕ್ಕದ್ದು. ಯಾವ ತರಗತಿಯು ಅದನ್ನು ಹೊರತೆಗೆಯುವುದೋ ಆ ತರಗತಿಗೆ ಕೀಲುಗಳ ಪಾಠದ ಸಂಗಡ ಮಿನ್ಮೇಯ ಕಥೆಯನ್ನೂ, ನಾಗಸಾಕಿಯ ಸಂಗತಿಯನ್ನೂ ಹೇಳತಕ್ಕದ್ದು. ಕಥೆಯನ್ನು ಹೇಳುವ ಹೊಣೆಯನ್ನು ಹಿರಿಯ ಉಪಾಧ್ಯಾಯಿನಿಯವರೇ ವಹಿಸಿಕೊಂಡರು. ತುಪಾಕಿಯು ಮಾತ್ರ ಅವರ ಮೇಜಿನ ಸೆಳೆಖಾನೆಯಲ್ಲಿದೆ. ಕೇಳಿದವರಿಗೆ ಕೊಡುತ್ತಾರೆ, ಆದರೆ ಏಕೆ ಬೇಕೆಂದು ಕೇಳಿಯೇ ಕೊಡುತ್ತಾರೆ.

ಈ ಸಂಚಿಕೆಯನ್ನು ಓದುವ ತಾಯ್ತಂದೆಗಳಲ್ಲಿ ನಮ್ಮ ವಿಜ್ಞಾಪನೆಯು ಇಷ್ಟೆ. ಕೀಲು, ಚಕ್ರ, ತಿರುಪುಗಳುಳ್ಳ ಆಟಿಕೆಗಳನ್ನು ಗಂಡುಮಕ್ಕಳಿಗೆಂದು ಮೀಸಲಿಡಬೇಡಿರಿ. ಕೊಟ್ಟ ಮೇಲೆ ಅರ್ಧ ಗಂಟೆಯಾದರೂ ಮಗಳ ಪಕ್ಕದಲ್ಲಿ ಕುಳಿತು, ಇದು ಯಾವುದರ ರೂಪ, ಇದನ್ನು ಲೋಕದಲ್ಲಿ ಏತಕ್ಕೆ ಬಳಸುತ್ತಾರೆ ಎಂದು ಮಾತನಾಡಿರಿ. ದೂರದೇಶಗಳಲ್ಲಿರುವ ನಮ್ಮ ಪೂರ್ವವಿದ್ಯಾರ್ಥಿನಿಯರು ಶಾಲೆಯನ್ನು ನೆನೆದು ಕಳುಹಿಸುವ ಕಾಣಿಕೆಗಳಿಗೆ ನಾವು ಕೃತಜ್ಞರು. ಅವುಗಳ ಸಂಗಡ ಬರುವ ಪ್ರಶ್ನೆಗಳಿಗೂ ಕೃತಜ್ಞರು. ಅವರನ್ನೂ ಈಗ ಇಲ್ಲಿ ಓದುತ್ತಿರುವ ಮಕ್ಕಳನ್ನೂ ಕರ್ತನು ಸಮಾಧಾನದ ಹಾದಿಯಲ್ಲಿ ನಡೆಸಲೆಂಬುದೇ ನಮ್ಮ ಪ್ರಾರ್ಥನೆ.