ಐದು ಬೀದಿಗಳ ಅಂತರ

ನ್ಯೂಯಾರ್ಕ್ ನಗರದ ಬ್ರಾಡ್‌ವೇ ರಾಜಮಾರ್ಗವು 39ನೆಯ ಬೀದಿಯನ್ನು ಸಂಧಿಸುವೆಡೆಯಲ್ಲಿ, 1883ರಲ್ಲಿ ಪ್ರಾರಂಭವಾದ ಮೆಟ್ರೊಪಾಲಿಟನ್ ಆಪೆರಾಮಂದಿರವಿದ್ದಿತು. ಆಪೆರಾ ಎಂದರೆ ಬಹುಮಟ್ಟಿಗೆ ಸಂಗೀತದಲ್ಲಿಯೇ ನಡೆಯುವ ನಾಟಕ. 3,000ಕ್ಕೂ ಮಿಕ್ಕ ಜನರು ಕುಳಿತುಕೊಳ್ಳುತ್ತಿದ್ದ ಆ ಮಂದಿರದಲ್ಲಿ ಗಾಯಕನು ಧ್ವನಿವರ್ಧಕದ ನೆರವಿಲ್ಲದೆ, ವಾದ್ಯವೃಂದದ ಘೋಷವನ್ನು ಮೀರಿ, ಕಟ್ಟಕಡೆಯ ಸಾಲಿಗೂ ಕೇಳಿಸುವಂತೆ ಹಾಡಬೇಕಾಗಿದ್ದಿತು. 1966ರಲ್ಲಿ ಸಂಸ್ಥೆಯು ಲಿಂಕನ್ ಸೆಂಟರಿಗೆ ಹೋಯಿತು. ಮರುವರ್ಷ ಹಳೆಯ ಮಂದಿರವನ್ನು ಕೆಡವಿದರು. ಈಗ ಅಲ್ಲಿರುವುದು ಕಚೇರಿಗಳ ಉನ್ನತ ಸೌಧ.

ಅಲ್ಲಿಂದ ಉತ್ತರಕ್ಕೆ ಐದು ಬೀದಿ ನಡೆದು ಎಡಕ್ಕೆ ತಿರುಗಿದರೆ, 44ನೆಯ ಬೀದಿಯಲ್ಲಿ ಮೆಜೆಸ್ಟಿಕ್ ನಾಟಕಶಾಲೆಯು ಸಿಕ್ಕುವುದು. ಹಳೆಯ ಮಂದಿರದ ಹೆಚ್ಚುಕಡಮೆ ಅರ್ಧದಷ್ಟು ಆಸನಗಳು ಇಲ್ಲಿವೆ. ನಾವು ಸಾವಕಾಶವಾಗಿ ನಡೆದರೂ ಹತ್ತು ನಿಮಿಷಗಳೇ ಸಾಕಾದುವು. ಆದರೆ ಒಂದು ಕಾಲದಲ್ಲಿ ಅನೇಕ ರಸಿಕರಿಗೆ ಈ ಅಂತರವು ಸಮುದ್ರದಷ್ಟು ದೊಡ್ಡದು. ಅತ್ತ ಶಾಸ್ತ್ರಬದ್ಧವಾದ ಕಲೆ. ಇತ್ತ ಜನರು ಮನೆಗೆ ಮರಳುವಾಗ ಗುನುಗಿಕೊಳ್ಳುವ ಹಾಡು.

ಈ ಸಮುದ್ರವನ್ನು ದಾಟಿದವರಲ್ಲಿ ಎಜಿಯೊ ಪಿನ್ಜಾ ಪ್ರಮುಖರು. 1892ರಲ್ಲಿ ರೋಮಿನಲ್ಲಿ ಜನಿಸಿದ ಈ ಮಂದ್ರಕಂಠದ ಗಾಯಕರು 1926ರಿಂದ 22 ವರ್ಷ ಮೆಟ್ರೊಪಾಲಿಟನ್ನಿನಲ್ಲಿ ಮೆರೆದವರು. 1949ರ ಏಪ್ರಿಲ್ 7ರಂದು ರಾಜರ್ಸ್ ಮತ್ತು ಹ್ಯಾಮರ್‌ಸ್ಟೀನ್ ಅವರ ‘ಸೌತ್ ಪೆಸಿಫಿಕ್’ ಮೆಜೆಸ್ಟಿಕ್ಕಿನಲ್ಲಿ ರಂಗವೇರಿದಾಗ, 56 ವಯಸ್ಸಿನ ಪಿನ್ಜಾ ಅದರಲ್ಲಿ ಪ್ರೇಮಕ್ಕೆ ಸಿಲುಕಿದ ಫ್ರೆಂಚ್ ತೋಟದೊಡೆಯನಾಗಿ ನಿಂತರು.

ಇದರಲ್ಲಿ ಅಪಾಯವಿಲ್ಲದಿರಲಿಲ್ಲ. ಆಪೆರಾಗಾಯಕನಿಗೆ ಎರಡು ಪ್ರಯೋಗಗಳ ನಡುವೆ ಕಂಠಕ್ಕೆ ಬಿಡುವು ಬೇಕು. ಬ್ರಾಡ್‌ವೇಯಲ್ಲಾದರೋ ವಾರಕ್ಕೆ 8 ಪ್ರಯೋಗಗಳು. ಆದಕಾರಣ ಅವರು ಹಾಡಬೇಕಾದ ಭಾಗಕ್ಕೆ ಕರಾರಿನಲ್ಲಿಯೇ ಮಿತಿಯನ್ನು ಗೊತ್ತುಪಡಿಸಲಾಯಿತು. ನಾಯಕಿ ಮೇರಿ ಮಾರ್ಟಿನ್ ಅವರಿಗೆ ಬೇರೊಂದು ಅಳುಕು: ಅಂತಹ ಕಂಠದೆದುರು ತಮ್ಮ ದನಿಯು ನಿಂತೀತೆ? ಸಂಗೀತಕಾರ ರಾಜರ್ಸರು ಅವರಿಗೆ ಅಭಯವಿತ್ತರು. ಅವರಿಬ್ಬರು ಪ್ರೇಮವನ್ನು ಅರಿತುಕೊಳ್ಳುವ ಸನ್ನಿವೇಶದಲ್ಲಿ ದನಿಗಳು ಸೆಣಸುವುದಿಲ್ಲ. ಒಬ್ಬರಾದ ಮೇಲೊಬ್ಬರು, ತಮ್ಮೊಳಗೆ ತಾವೇ ಎಂಬಂತೆ ಹಾಡಿಕೊಳ್ಳುತ್ತಾರೆ. ಅಳುಕಿನಿಂದ ಹುಟ್ಟಿದ ಉಪಾಯವೇ ಪ್ರೇಮದ ಸಂಕೋಚಕ್ಕೆ ತಕ್ಕ ರೂಪವಾಯಿತು.

1950ರಲ್ಲಿ ನಾಟಕಕ್ಕೆ ಪುಲಿಟ್ಜರ್ ಬಹುಮಾನವೂ ಪಿನ್ಜಾ ಅವರಿಗೆ ಟೋನಿ ಪುರಸ್ಕಾರವೂ ಬಂದುವು. ಅದೇ ವರ್ಷ ಅವರು ನಾಟಕವನ್ನು ಬಿಟ್ಟರೂ ಅದು ಒಟ್ಟು 1,925 ಪ್ರಯೋಗಗಳನ್ನು ಕಂಡಿತು.

ಕಲೆಯು ಇಲ್ಲಿ ಕೆಳಗಿಳಿಯಿತೆನ್ನಲು ನಮಗೆ ಮನಸ್ಸೊಪ್ಪದು. ಸಾವಿರಾರು ಜನರನ್ನು ಮುಟ್ಟಬಲ್ಲ ಕಂಠವು ಎದುರಿನ ದನಿಗೆ ಎಡೆಗೊಟ್ಟು ತನ್ನ ಸರದಿಗಾಗಿ ಕಾಯುವುದು ಸಣ್ಣ ವಿದ್ಯೆಯಲ್ಲ.