ಭೋಂಗಾ ಕಾಕಾ

ಇಳಕಲ್ಲಿನಲ್ಲಿ ನಮ್ಮ ಕಾಕಾನ ಖರೆ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಭೋಂಗಾ ಕಾಕಾ ಅಂದರೆ ಟಾಂಗಾದವನು ಸೀದಾ ಮನೆ ಬಾಗಿಲಿಗೇ ತಂದು ಬಿಡುತ್ತಿದ್ದ. ಒಂದು ಅಹುಜಾ ಆಂಪ್ಲಿಫೈಯರು, ಎರಡು ಭೋಂಗಾ, ಒಂದು ಹಳೇ ಬ್ಯಾಟರಿ: ಆತನ ಆಸ್ತಿ ಇಷ್ಟೇ. ಮದುವೆ, ಚುನಾವಣೆ, ಜಾತ್ರೆಯಲ್ಲಿ ತಪ್ಪಿಸಿಕೊಂಡ ಕೂಸು, ಎಲ್ಲಕ್ಕೂ ಒಂದೇ ದನಿ. ಕೂಸಿನ ಅಂಗಿ ಬಣ್ಣ ಹೇಳುವಾಗಲೂ ನಾಟಕದ ರಾಗ ಬಂದುಬಿಡುತ್ತಿತ್ತು.

ಕಂಪನಿ ನಾಟಕ ಆತನ ಹುಚ್ಚು. ನಮ್ಮ ಹುನಗುಂದ ತಾಲೂಕಿನ ಸೂಳೇಭಾವಿಯ ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ 1974ರಲ್ಲಿ ಸಿನಿಮಾ ಆಯಿತು. ರಾಜಕುಮಾರ್ ಎಮ್ಮೆ ಹತ್ತಿ ಹಾಡಿದ್ದೇ ತಡ, ನಾಟಕಕ್ಕೆ ಬಂದವರೂ “ಎಮ್ಮಿ ಎಲ್ಲೈತ್ರಿ?” ಅನ್ನತೊಡಗಿದರು. ಕಾಕಾ ಓಣಿಯ ಒಂದು ಎಮ್ಮೆಯನ್ನು ಕೇಳಿ ತಂದು, ಅದರ ಮೇಲೆ ಕೂತೇ ಪ್ರಚಾರಕ್ಕೆ ಹೊರಟ. ಮೈಕು ಆತನ ಕೈಯಲ್ಲಿ, ವೈರು ಎಮ್ಮೆಯ ಬೆನ್ನ ಮೇಲಿಂದ ಹಿಂದಿನ ಕೈಗಾಡಿಗೆ, ಕೈಗಾಡಿ ತಳ್ಳುವವನು ನಾನು. ಬಜಾರದ ನಡುವೆ ಭೋಂಗಾ ಕೀಂ ಅಂದದ್ದಕ್ಕೆ ಎಮ್ಮೆ ಬೆದರಿ ಗಟಾರಕ್ಕೆ ಇಳಿಯಿತು. ವೈರು ಹರಿದರೂ ಕಾಕಾನ ಮಾತು ಹರಿಯಲಿಲ್ಲ. ಕೆಸರಲ್ಲಿ ನಿಂತೇ ಟಿಕೀಟಿನ ದರ ಹೇಳಿ ಮುಗಿಸಿದ. ಅಂದು ರಾತ್ರಿ ಟೆಂಟು ತುಂಬಿತು. ಎಮ್ಮೆಯವನ ಬಾಡಿಗೆ ಕೊಟ್ಟವಳು ಚಿಗವ್ವ.

ಎಲ್ಲದರ ಬಾಡಿಗೆಯನ್ನೂ ಆಕೆಯೇ ಕೊಟ್ಟಳು ಅನ್ನಬೇಕು. ಇಳಕಲ್ ಸೀರೆಗೆ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಒಂದು ಸೀರೆ ಮಗ್ಗದಿಂದ ಇಳಿಯಿತೋ, ಮುಂದಿನದಕ್ಕೆ ಮತ್ತೆ ಮೊದಲಿನಿಂದ. ಚಿಗವ್ವ ಹೊಸ್ತಿಲ ಬೆಳಕಿಗೆ ಕೂತು, ಒಡಲಿನ ಎಳೆಯನ್ನು ಹೆಬ್ಬೆರಳಿನಿಂದ ಬಾಗಿಸಿ, ಆ ಕುಣಿಕೆಯೊಳಗೆ ಸೆರಗಿನ ಕೆಂಪು ರೇಷ್ಮೆ ತೂರಿಸುತ್ತಿದ್ದಳು. ಮದುವೆ ಹಂದರದಲ್ಲಿ ಇಳಕಲ್ ಸೀರೆಯ ವರ್ಣನೆ ಮಾಡುತ್ತಿದ್ದ ಕಾಕಾ ಮನೆಯಲ್ಲಿ ಒಂದು ಕಂಡಿಕಿ ಸುತ್ತಿಕೊಟ್ಟದ್ದನ್ನು ನಾನು ನೋಡಿಲ್ಲ.

ವಿಜಯಮಹಾಂತೇಶ ಮಠದ ಮಹಾಂತಪ್ಪಗಳು ಜೋಳಿಗೆ ಹಿಡಿದು ಓಣಿ ಓಣಿ ತಿರುಗಿ ಜನರ ದುಶ್ಚಟ ಬೇಡುತ್ತಿದ್ದರು. ಅವರ ಹುಟ್ಟಿದ ದಿನ, ಆಗಸ್ಟ್ 1, ಈಗ ಸರಕಾರಿ ವ್ಯಸನಮುಕ್ತ ದಿನ. ಕಾಕಾನೂ ಬೀಡಿ ಕಟ್ಟು ಜೋಳಿಗೆಗೆ ಹಾಕಿ, ಊರಿಗೆಲ್ಲ ತಾನೇ ಮೈಕಿನಲ್ಲಿ ಸಾರಿದ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆ ಹೋದಾಗ ನಾಟಕದ ಟೆಂಟಿನ ಹಿಂದೆ ಬೀಡಿ ಸೇದುತ್ತ ಸಿಕ್ಕ. “ಅದು ಇಳಕಲ್ಲಿಗಷ್ಟ ಅಪಾ, ಬದಾಮಿಗೆ ಅಲ್ಲ” ಅಂದ.

ಬನಶಂಕರಿಯಲ್ಲಿ ಕಂಪನಿಗಳು ಈಗಲೂ ಟೆಂಟು ಹಾಕುತ್ತವೆ, ಬೆಳಗಿನ ತನಕ ಆಟ ನಡೆಯುತ್ತದೆ. ಆಗ ವಿಜಾಪುರ ಜಿಲ್ಲೆಗಿದ್ದ ನಾವು 1997ರಲ್ಲಿ ಬಾಗಲಕೋಟೆಗೆ ಸೇರಿದೆವು; ಇಳಕಲ್ಲೇ ಈಗ ತಾಲೂಕು. ಸೀರೆಗೆ ಭೌಗೋಳಿಕ ಗುರುತೂ ಸಿಕ್ಕಿದೆ, ಪವರ್‌ಲೂಮಿನ ಪಾಲಿಯೆಸ್ಟರ್ ಸೀರೆ ಅದೇ ಹೆಸರಿನಲ್ಲಿ ಮಾರಾಟವಾಗುವುದೂ ನಡೆದಿದೆ. ಕಾಕಾನ ಮಗನದು ಸೀರೆ ಅಂಗಡಿ. ಶ್ರಾವಣದ ರಿಯಾಯಿತಿಯನ್ನು ಆಟೋದ ಮೇಲಿನ ಭೋಂಗಾ ಸಾರುತ್ತದೆ. ದನಿ ಯಾವುದೋ ಸ್ಟುಡಿಯೋದ್ದು, ಪೆನ್‌ಡ್ರೈವಿನಲ್ಲಿ ಬರುತ್ತದೆ. ಆಟೋದವನು ಮುಂಗಡ ಫೋನ್‌ಪೇ ಆಗದೆ ಗಾಡಿ ಚಾಲೂ ಮಾಡುವುದಿಲ್ಲ. “ನಿಮ್ಮ ಕಾಕಾಗ ಇಷ್ಟು ಬುದ್ಧಿ ಇದ್ದಿದ್ರ ನಾ ಮಗ್ಗದಾಗ ಕೂಡೂದು ಯಾವಾಗೋ ಬಿಡ್ತಿದ್ದೆ” ಅನ್ನುತ್ತಾಳೆ ಚಿಗವ್ವ.